ಅಮೃತಶಿಲೆಯೊಳಗೆ ಕಲ್ನಾರು: ನೆಲ ಕೀಳುವ ಮುಂಚೆ, ಪಾಲಿಶ್‌ಗೂ ಮುಂಚೆ

ಪ್ರಶ್ನೆ: ಧಾರವಾಡದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಹಾಲ್ ಮತ್ತು ಎರಡು ಕೋಣೆಗೆ ಸುಮಾರು 900 ಚದರಡಿ ರಾಜಸ್ಥಾನದ ಬಿಳಿ ಮಾರ್ಬಲ್ ಹಾಕಿಸಿದ್ದಾಗಿದೆ, ಪಾಲಿಶ್ ಬಾಕಿ ಇದೆ. ಕಲ್ಲಿನ ಮೈಯಲ್ಲಿ ಅಲ್ಲಲ್ಲಿ ಹುಲ್ಲಿನ ಎಸಳಿನಂಥ ತಿಳಿಹಸಿರು ಗುರುತುಗಳಿವೆ. ಮೂರು ಸ್ಲ್ಯಾಬುಗಳಲ್ಲಿ ಮಾತ್ರ ಬಿರುಕಿನ ಗುಂಟ ರೇಷ್ಮೆಯಂತೆ ಹೊಳೆಯುವ ಬಿಳಿ ಎಳೆಗಳಿವೆ. ಉಗುರು ತಾಗಿಸಿದರೆ ಎದ್ದು ಬರುತ್ತವೆ. ಪರಿಚಯದ ಭೂವಿಜ್ಞಾನದ ಮೇಷ್ಟ್ರೊಬ್ಬರು ಫೋಟೊ ನೋಡಿ, 'ಟ್ರೆಮೊಲೈಟ್ ಇರಬಹುದು, ಅದು ಆಸ್ಬೆಸ್ಟಾಸ್ ಜಾತಿಯದು' ಎಂದರು. ಮೇಸ್ತ್ರಿ ಎಲ್ಲಾ ಕಿತ್ತು ಒಗೀರಿ ಅನ್ನುತ್ತಾನೆ. ಅಂಗಡಿಯವರು, 'ಆಸ್ಬೆಸ್ಟಾಸ್ ಫ್ಯಾಕ್ಟರಿಯೊಳಗ ಆಗೋದು, ಕಲ್ಲಿನಾಗ ಎಲ್ಲಿಂದ ಬರಬೇಕ್ರಿ' ಎಂದು ನಗುತ್ತಾರೆ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. ಕಟಿಂಗ್ ಮಾಡುವಾಗ ಬಿದ್ದ ಬಿಳಿ ಪುಡಿಯನ್ನು ಅವ್ವ ರಂಗೋಲಿಗೆಂದು ಎರಡು ಡಬ್ಬಿ ತುಂಬಿಟ್ಟಿದ್ದಾಳೆ. ಯಾರ ಮಾತು ನಂಬಬೇಕು, ಈಗ ಏನು ಮಾಡಬೇಕು?

ಉತ್ತರ: ಮೊದಲು ಎರಡು ಕೆಲಸ. ಪಾಲಿಶ್‌ನವರಿಗೆ ಸದ್ಯ ಬರಬೇಡಿ ಎಂದು ಹೇಳಿ. ಅವ್ವ ತುಂಬಿಟ್ಟ ಡಬ್ಬಿಗಳ ಮುಚ್ಚಳ ಬಿಗಿಮಾಡಿ, ಮಕ್ಕಳ ಕೈಗೆಟುಕದ ಕಡೆ ಇಡಿ. ತೆಗೆದು ಮುಟ್ಟಿ ನೋಡುವುದು ಬೇಡ. ಇಷ್ಟಾದರೆ ಇವತ್ತಿಗೆ ಅವಸರದ ಕೆಲಸ ಬೇರೇನೂ ಇಲ್ಲ. ಹಾಸಿದ ಕಲ್ಲು ಸುಮ್ಮನೆ ಮಲಗಿರುವಾಗ ಯಾರಿಗೂ ಏನೂ ಮಾಡುವುದಿಲ್ಲ; ಆ ಬಿಳಿ ಎಳೆಗಳನ್ನು ಮಾತ್ರ ಯಾರೂ ಕೆರೆಯಬಾರದು.

ನಿಮ್ಮ ಆತಂಕದೊಳಗೆ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಅಮೃತಶಿಲೆಯಲ್ಲಿ ಆಸ್ಬೆಸ್ಟಾಸ್ ಹುಟ್ಟುವುದು ಸಾಧ್ಯವೇ? ಸಾಧ್ಯ. ನಿಮ್ಮ ಕಲ್ಲಿನಲ್ಲಿರುವುದು ಅದೇನಾ? ಇದನ್ನು ಫೋಟೊ ನೋಡಿ ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ನೆಲವೆಲ್ಲ ಕೀಳಬೇಕಾ? ಬೇಡ. ಆ ಮೂರು ಸ್ಲ್ಯಾಬುಗಳ ಲೆಕ್ಕ ಮಾತ್ರ ಬೇರೆ.

ಅಂಗಡಿಯವರ ಮಾತಿಗೆ ನಮ್ಮ ಭಾಷೆಯೇ ಉತ್ತರ ಇಟ್ಟುಕೊಂಡಿದೆ. ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎನ್ನುತ್ತೇವೆ, ಅಂದರೆ ಕಲ್ಲಿನ ನಾರು. ಫ್ಯಾಕ್ಟರಿಯಲ್ಲಿ ಆಗುವುದು ಶೀಟು. ಗಣಿಯಿಂದ ಬಂದ ನಾರನ್ನು ಅಲ್ಲಿ ಸಿಮೆಂಟಿಗೆ ಬೆರೆಸುತ್ತಾರೆ, ಅಷ್ಟೆ. ನಾರು ಹುಟ್ಟುವುದು ಬಂಡೆಯಲ್ಲೇ. ಆಸ್ಬೆಸ್ಟಾಸ್ ಎಂಬುದು ಒಂದೇ ಖನಿಜದ ಹೆಸರೂ ಅಲ್ಲ. ನಾರಿನ ರೂಪದಲ್ಲಿ ಬೆಳೆದ ಆರು ಖನಿಜಗಳಿಗೆ ಕಾನೂನು ಮತ್ತು ವ್ಯಾಪಾರ ಇಟ್ಟ ಒಟ್ಟು ಹೆಸರು. ಆರರಲ್ಲಿ ಕ್ರಿಸೊಟೈಲ್ ಸರ್ಪೆಂಟೈನ್ ಕುಟುಂಬದ್ದು. ಟ್ರೆಮೊಲೈಟ್, ಆಕ್ಟಿನೊಲೈಟ್, ಆಂಥೊಫಿಲೈಟ್, ಅಮೊಸೈಟ್, ಕ್ರೊಸಿಡೊಲೈಟ್ ಈ ಐದು ಆಂಫಿಬೋಲ್ ಕುಟುಂಬದವು. ಸುಣ್ಣದಕಲ್ಲಿನ ವಂಶದ ಬಂಡೆಗಳಲ್ಲಿ ನಮಗೆ ಎದುರಾಗುವುದು ಮುಖ್ಯವಾಗಿ ಎರಡು: ಟ್ರೆಮೊಲೈಟ್ ಮತ್ತು ಕ್ರಿಸೊಟೈಲ್. ಟ್ರೆಮೊಲೈಟಿಗೆ ಕಬ್ಬಿಣ ಸೇರುತ್ತ ಹೋದಂತೆ ಬಿಳಿ ಬಣ್ಣ ಹಸಿರಿಗೆ ತಿರುಗಿ ಆಕ್ಟಿನೊಲೈಟ್ ಆಗುತ್ತದೆ. ನಿಮ್ಮ ಕಲ್ಲಿನ ತಿಳಿಹಸಿರು ಎಸಳುಗಳ ಬಣ್ಣಕ್ಕೂ ಬಹುಶಃ ಇದೇ ಕಾರಣ.

ಕಲ್ಲಿನೊಳಗಿನ ಅಡುಗೆ

ಅಮೃತಶಿಲೆ ಎಂದರೆ ನೆಲದಾಳದಲ್ಲಿ ಬೆಂದು ಮತ್ತೆ ಹರಳುಗಟ್ಟಿದ ಸುಣ್ಣದಕಲ್ಲು. ಶುದ್ಧ ಸುಣ್ಣದಕಲ್ಲು, ಅಂದರೆ ಬರೀ ಕ್ಯಾಲ್ಸೈಟ್, ಎಷ್ಟು ಬೆಂದರೂ ಕ್ಯಾಲ್ಸೈಟೇ; ಹರಳುಗಳು ದಪ್ಪವಾಗುತ್ತವೆ, ಹೊಸ ಖನಿಜ ಹುಟ್ಟುವುದಿಲ್ಲ. ಟ್ರೆಮೊಲೈಟ್ ಆಗಬೇಕಾದರೆ ಮೂರು ಸಾಮಾನು ಒಟ್ಟಿಗೆ ಸಿಗಬೇಕು: ಮೆಗ್ನೀಸಿಯಂ, ಸಿಲಿಕಾ, ನೀರು. ಮೆಗ್ನೀಸಿಯಂ ಡೋಲೊಮೈಟಿನಲ್ಲಿದೆ. ಡೋಲೊಮೈಟ್ ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸರಿಸುಮಾರು ಸಮಸಮವಾಗಿ ಕುಳಿತಿರುವ ಕಾರ್ಬೊನೇಟು. ಸಿಲಿಕಾ ಬರುವುದು ಹಳೆಯ ಸಮುದ್ರತಳದ ಮರಳಿನ ಕಣಗಳಿಂದ, ಸಿಲಿಕಾ ಗಟ್ಟಿಕಟ್ಟಿದ ಚರ್ಟ್ ಎಂಬ ಕಲ್ಲಿನ ಉಂಡೆಗಳಿಂದ, ಇಲ್ಲವೇ ಪಕ್ಕದ ಗ್ರಾನೈಟಿನಿಂದ ಹರಿದ ಬಿಸಿನೀರಿನಿಂದ. ನೀರು ಬಿರುಕುಗಳ ದಾರಿಯಾಗಿ ಬರುತ್ತದೆ.

ಮಾರ್ಬಲ್ ಕೊಳ್ಳುವವರಿಗೆ ಇದರಿಂದ ಒಂದು ಉಪಯೋಗವಿದೆ. ಮಕರಾನದ ಒಳ್ಳೆಯ ಬಿಳಿ ಕಲ್ಲು ಬಹುಪಾಲು ಕ್ಯಾಲ್ಸೈಟ್, ಹಾಗಾಗಿ ಅದರಲ್ಲಿ ಟ್ರೆಮೊಲೈಟಿಗೆ ಬೇಕಾದ ಮೆಗ್ನೀಸಿಯಂ ಕಮ್ಮಿ. ರಾಜಸಮಂದ್ ಜಿಲ್ಲೆಯ ರಾಜನಗರದ ಕಲ್ಲು ಡೋಲೊಮೈಟ್ ಜಾತಿಯದು; ಅದರಲ್ಲಿ ಟ್ರೆಮೊಲೈಟ್ ಇರುವುದು ಭೂವಿಜ್ಞಾನಿಗಳಿಗೆ ಹೊಸ ಸುದ್ದಿಯಲ್ಲ. ಜೈಪುರದ ಆಂಧಿ ಕಡೆಯಿಂದ ಬರುವ 'ಪಿಸ್ತಾ' ಮಾರ್ಬಲ್‌ಗೆ ಆ ಬಣ್ಣ ಕೊಟ್ಟಿರುವುದೇ ಟ್ರೆಮೊಲೈಟ್ ಮತ್ತು ಆಕ್ಟಿನೊಲೈಟಿನ ಎಸಳುಗಳು. ಇವುಗಳ ಮೇಲೆ ಎಷ್ಟೋ ಮನೆಗಳಲ್ಲಿ ಜನ ನಿಶ್ಚಿಂತೆಯಿಂದ ಓಡಾಡುತ್ತಿದ್ದಾರೆ, ಅದರಲ್ಲಿ ತಪ್ಪೂ ಇಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ.

ಈಗ ಅಡುಗೆಯ ಅಳತೆ. 922 ಗ್ರಾಂ ಡೋಲೊಮೈಟ್, 481 ಗ್ರಾಂ ಸ್ಫಟಿಕಶಿಲೆ, ಅಂದರೆ ನಮ್ಮ ಬೆಣಚುಕಲ್ಲು, ಬರೀ 18 ಗ್ರಾಂ ನೀರು. ಇವು ಪೂರ್ತಿ ಕೂಡಿದರೆ ಸಿಗುವುದು 812 ಗ್ರಾಂ ಟ್ರೆಮೊಲೈಟ್, 300 ಗ್ರಾಂ ಕ್ಯಾಲ್ಸೈಟ್, 308 ಗ್ರಾಂ ಇಂಗಾಲದ ಡೈಆಕ್ಸೈಡ್. ನೆಲದಾಳದ ಒತ್ತಡ ಎಷ್ಟಿದೆ, ದ್ರವದಲ್ಲಿ ನೀರೆಷ್ಟು ಇಂಗಾಲದ ಡೈಆಕ್ಸೈಡ್ ಎಷ್ಟು ಎಂಬುದರ ಮೇಲೆ ಇದು ಸುಮಾರು 400ರಿಂದ 550 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಡೆಯುತ್ತದೆ. ನೀರು ಧಾರಾಳವಾಗಿದ್ದು ಬಿಸಿ ಕಮ್ಮಿ ಇದ್ದರೆ ಅದೇ ಡೋಲೊಮೈಟ್, ಅದೇ ಸಿಲಿಕಾ ಸೇರಿ ಟ್ರೆಮೊಲೈಟಿನ ಬದಲು ಟಾಲ್ಕ್ ಆಗುತ್ತದೆ. ಅದು ಬಳಪದ ಕಲ್ಲಿನ ಮುಖ್ಯ ಖನಿಜ. ಬಿಸಿ ಇನ್ನೂ ಏರಿದರೆ ಟ್ರೆಮೊಲೈಟ್ ತಾನೇ ಅಳಿದು ಡಯಾಪ್ಸೈಡ್, ಫಾರ್ಸ್ಟರೈಟ್ ಎಂಬ ನೀರಿಲ್ಲದ ಖನಿಜಗಳಿಗೆ ಜಾಗ ಬಿಡುತ್ತದೆ. ಹೀಗಾಗಿ ಟ್ರೆಮೊಲೈಟಿನದು ನಡುವಣ ಬಿಸಿಯ ಪಟ್ಟಿ. ಬಿಸಿ ತಂದ ಗ್ರಾನೈಟ್ ಶಿಲಾರಸದ ಅಂಚಿಗೆ ತೀರಾ ಹತ್ತಿರವೂ ಅಲ್ಲ, ತೀರಾ ದೂರವೂ ಅಲ್ಲ.

ಮೇಲಿನ ಅಳತೆಯಲ್ಲಿ ತೂಕಕ್ಕಿಂತ ಗಾತ್ರದ ಲೆಕ್ಕವೇ ನಮಗೆ ಮುಖ್ಯ. ಡೋಲೊಮೈಟ್ ಮತ್ತು ಬೆಣಚು ಸೇರಿ ಹಿಡಿಯುತ್ತಿದ್ದ ಜಾಗಕ್ಕಿಂತ, ಹುಟ್ಟಿದ ಟ್ರೆಮೊಲೈಟ್ ಮತ್ತು ಕ್ಯಾಲ್ಸೈಟ್ ಹಿಡಿಯುವ ಜಾಗ ಸುಮಾರು 24 ಶೇಕಡಾ ಕಡಿಮೆ. ಅಕ್ಕಿ ಬೆಂದರೆ ಉಬ್ಬುತ್ತದೆ; ಇಲ್ಲಿ ಬಂಡೆ ಬೆಂದು ಕುಗ್ಗುತ್ತದೆ. ಕಾಲು ಪಾಲಿನಷ್ಟು ಜಾಗ ಖಾಲಿಬಿದ್ದು, ಅನಿಲ ಹೊರಬೀಳುವ ಒತ್ತಡವೂ ಸೇರಿ ಬಂಡೆ ಸಣ್ಣಗೆ ಬಿರುಕು ಬಿಡುತ್ತದೆ. ಮೇಲಿನ ಭಾರ ಎಷ್ಟೋ ಬಿರುಕುಗಳನ್ನು ಮತ್ತೆ ಮುಚ್ಚುತ್ತದೆ. ಮುಚ್ಚದೆ ಉಳಿದವುಗಳಲ್ಲಿ ನೀರು ಓಡಾಡುತ್ತದೆ.

ಎಸಳು ಬೇರೆ, ಎಳೆ ಬೇರೆ

ನಿಮ್ಮ ಮೇಷ್ಟ್ರ ಮಾತಿನಲ್ಲಿ ಅರ್ಧ ಸರಿ, ಅರ್ಧ ಬಿಟ್ಟುಹೋಗಿದೆ ಎನ್ನುವುದು ಇಲ್ಲಿಯೇ. ಟ್ರೆಮೊಲೈಟ್ ಎಂದ ಮಾತ್ರಕ್ಕೆ ಆಸ್ಬೆಸ್ಟಾಸ್ ಆಗುವುದಿಲ್ಲ. ಸ್ವಿಟ್ಜರ್‌ಲೆಂಡಿನ ಟ್ರೆಮೊಲಾ ಕಣಿವೆಯ ಹೆಸರು ಹೊತ್ತ ಈ ಖನಿಜ ಲೋಕದಲ್ಲಿ ಎಷ್ಟು ಇದೆಯೋ ಅದರಲ್ಲಿ ಹೆಚ್ಚಿನ ಪಾಲು ಗಟ್ಟಿ ಎಸಳು, ಕಡ್ಡಿ, ಹರಳು. ನಾರಾಗಿ ಬೆಳೆದದ್ದು ಸಣ್ಣ ಪಾಲು. ಎರಡರ ರಾಸಾಯನಿಕ ಲೆಕ್ಕವೂ ಒಂದೇ, ಒಳಗಿನ ಪರಮಾಣುಗಳ ಜೋಡಣೆಯೂ ಒಂದೇ. ಬೇರೆಯಾಗಿರುವುದು ಬೆಳೆದ ರೀತಿ.

ಬಂಡೆಯ ಗಟ್ಟಿ ಮೈಯೊಳಗೆ, ಸುತ್ತ ಕ್ಯಾಲ್ಸೈಟ್ ಅಮುಕಿಕೊಂಡಿರುವಾಗ ನಿಧಾನಕ್ಕೆ ಬೆಳೆಯುವ ಟ್ರೆಮೊಲೈಟ್ ದಪ್ಪ ಎಸಳಾಗುತ್ತದೆ. ಇದನ್ನು ಕುಟ್ಟಿದರೆ ತನ್ನ ಸೀಳುಮೈಗಳ ಗುಂಟ, 56 ಮತ್ತು 124 ಡಿಗ್ರಿ ಕೋನದಲ್ಲಿ ಒಡೆದು, ಮೋಟು ಚಕ್ಕೆಗಳಾಗುತ್ತದೆ. ಅದೇ ಖನಿಜ ತೆರೆದ ಬಿರುಕಿನಲ್ಲಿ, ಬಂಡೆ ಒಂದರ ಮೇಲೊಂದು ಜಾರಿದ ಮೈಯಲ್ಲಿ, ಬಿಸಿನೀರು ಹರಿಯುತ್ತಿರುವಾಗ ಬೇಗಬೇಗ ಬೆಳೆದರೆ ಏಕಕಾಲಕ್ಕೆ ಲೆಕ್ಕವಿಲ್ಲದಷ್ಟು ಮೊಳಕೆಯೊಡೆಯುತ್ತದೆ. ಒಂದೊಂದೂ ದಪ್ಪವಾಗಲು ಪಕ್ಕದ್ದು ಬಿಡುವುದಿಲ್ಲ, ಉದ್ದಕ್ಕೆ ಹೋಗಲು ಮಾತ್ರ ದಾರಿಯಿದೆ. ಹೀಗೆ ಹುಟ್ಟಿದ್ದು ನಾರಿನ ಕಟ್ಟು. ಅದನ್ನು ಒತ್ತಿದರೆ ಮುರಿಯುವುದಿಲ್ಲ, ಬಾಗುತ್ತದೆ. ಉಜ್ಜಿದರೆ ಹತ್ತಿ ಹಿಂಜಿದ ಹಾಗೆ ಎಳೆಯೊಳಗಿಂದ ಇನ್ನೂ ಸಣ್ಣ ಎಳೆ ಬಿಡಿಸಿಕೊಳ್ಳುತ್ತದೆ. ಆರೋಗ್ಯಕ್ಕೆ ಕೇಡು ತರುವುದು ಈ ಹಿಂಜಿಕೊಳ್ಳುವ ಗುಣ. ಎಳೆ ಸಣ್ಣದಾದಷ್ಟೂ ಗಾಳಿಯಲ್ಲಿ ತೇಲುತ್ತದೆ, ಶ್ವಾಸಕೋಶದ ತುದಿಯವರೆಗೆ ಹೋಗುತ್ತದೆ; ಉದ್ದವಾದಷ್ಟೂ ಅಲ್ಲಿನ ರಕ್ಷಣಾ ಕೋಶಗಳಿಗೆ ನುಂಗಲು ಆಗುವುದಿಲ್ಲ. ಆಂಫಿಬೋಲ್ ನಾರು ದೇಹದ ದ್ರವದಲ್ಲಿ ಕರಗುವುದೂ ಬಹಳ ನಿಧಾನ.

ಈಗ ನಿಮ್ಮ ವಿವರಣೆಯನ್ನು ಮತ್ತೆ ಓದಿ. ಕಲ್ಲಿನ ಮೈಯಲ್ಲಿ ಹುದುಗಿದ ಹುಲ್ಲಿನ ಎಸಳು: ಇದು ಗಟ್ಟಿ ಟ್ರೆಮೊಲೈಟಿನ ಮಾಮೂಲಿ ಲಕ್ಷಣ. ಬಿರುಕಿನ ಗುಂಟ ರೇಷ್ಮೆ ಹೊಳಪಿನ, ಎದ್ದು ಬರುವ ಎಳೆ: ಅನುಮಾನಕ್ಕೆ ಜಾಗ ಇರುವುದು ಇಲ್ಲಿ. ಒಂದೇ ಕಲ್ಲಿನಲ್ಲಿ ಎರಡೂ ಇರುವುದು ವಿಚಿತ್ರವೇನಲ್ಲ. ಎಸಳು ಬಂಡೆ ಬಿಸಿಯೇರುತ್ತಿದ್ದ ಕಾಲದ್ದು. ಎಳೆ ಬಹುಮಟ್ಟಿಗೆ ಆಮೇಲಿನದು, ಬಂಡೆ ಆರುತ್ತ ಬಿರುಕು ಬಿಟ್ಟು ನೀರು ಒಳಗೆ ಬಂದಾಗಿನದು.

ಕ್ರಿಸೊಟೈಲ್ ಹುಟ್ಟುವ ದಾರಿ ಸ್ವಲ್ಪ ಬೇರೆ. ಅದನ್ನು ನೋಡಲು ದೂರ ಹೋಗಬೇಕಿಲ್ಲ. ಗಡಿಯಾಚೆ ಆಂಧ್ರದ ಕಡಪ ಜಿಲ್ಲೆಯಲ್ಲಿ ಪುಲಿವೆಂದುಲ ಇದೆ. ಅಲ್ಲಿ ವೇಂಪಲ್ಲೆ ಪದರಗಳ ಡೋಲೊಮೈಟಿನ ನಡುವೆ ಕಪ್ಪು ಡೊಲೆರೈಟ್ ಶಿಲಾರಸ ಹಾಳೆಯಂತೆ ನುಗ್ಗಿದೆ. ಅದರ ಬಿಸಿಗೆ, ಸಿಲಿಕಾ ಹೊತ್ತ ನೀರಿಗೆ, ಸಂಧಿಯ ಡೋಲೊಮೈಟ್ ಸರ್ಪೆಂಟೈನ್ ಆಗಿ ಬದಲಾಗಿ, ಆ ಪಟ್ಟಿಯ ಬಿರುಕುಗಳಲ್ಲಿ ಕ್ರಿಸೊಟೈಲ್ ನಾರು ಅಡ್ಡಡ್ಡ ನಿಂತಿದೆ. ಅಮೆರಿಕದ ಅರಿಜೋನದಲ್ಲಿ, ಸಾಲ್ಟ್ ನದಿ ಕಣಿವೆಯ ಮೆಸ್ಕಲ್ ಸುಣ್ಣದಕಲ್ಲಿನಲ್ಲಿ ನಡೆದದ್ದೂ ಇದೇ ಕತೆ. ಡೋಲೊಮೈಟಿನಲ್ಲಿ ಕಬ್ಬಿಣ ಕಮ್ಮಿ ಇರುವುದರಿಂದ ಅಲ್ಲಿನ ನಾರಿನಲ್ಲೂ ಕಬ್ಬಿಣ ಕಮ್ಮಿ. ಅದಕ್ಕೇ ವಿದ್ಯುತ್ ತಂತಿಗಳ ಹೊದಿಕೆಗೆ ಅದಕ್ಕೆ ಬೇಡಿಕೆ ಇತ್ತು. ಇನ್ನೊಂದು ದಾರಿಯೂ ಇದೆ: ಮಾರ್ಬಲ್ ತುಂಬ ಬೆಂದು ಫಾರ್ಸ್ಟರೈಟ್ ಹುಟ್ಟಿದ್ದರೆ, ಆರುವಾಗ ಅದು ನೀರು ಕುಡಿದು ಸರ್ಪೆಂಟೈನ್ ಆಗುತ್ತದೆ. ಈ ಸಲ ಗಾತ್ರ ಸುಮಾರು ಒಂದೂವರೆ ಪಟ್ಟಾಗುತ್ತದೆ. ಉಬ್ಬಿದ ಕಣ ಸುತ್ತಲಿನ ಕಲ್ಲನ್ನು ಸೀಳುತ್ತದೆ, ಸೀಳಿನಲ್ಲಿ ನಾರು ಬೆಳೆಯಬಹುದು.

ಎರಡು ಗೊಂದಲ ಇಲ್ಲೇ ಬಗೆಹರಿಯಲಿ. ಹಾಸನ ಜಿಲ್ಲೆಯ ಹೊಳೆನರಸೀಪುರ ಪಟ್ಟಿಯ ಕಲ್ನಾರು ಮಾರ್ಬಲ್‌ನಿಂದ ಹುಟ್ಟಿದ್ದಲ್ಲ. ಅದು ಮೆಗ್ನೀಸಿಯಂ ತುಂಬಿದ ಅಗ್ನಿಶಿಲೆಗಳದ್ದು. ಉದಯಪುರದ ಕೇಸರಿಯಾಜಿಯಿಂದ ಬರುವ ಕಡು 'ಹಸಿರು ಮಾರ್ಬಲ್' ಕೂಡ ನಿಜಕ್ಕೆ ಮಾರ್ಬಲ್ ಅಲ್ಲ, ಸರ್ಪೆಂಟೈನ್ ಬಂಡೆ. ಇನ್ನು ನಮ್ಮ ಶಹಾಬಾದ್ ಕಲ್ಲು ಭೀಮಾ ತೀರದ ಬೇಯದ ಸುಣ್ಣದಕಲ್ಲು. ಮೇಲೆ ಹೇಳಿದ ಅಡುಗೆ ಅಲ್ಲಿ ನಡೆದೇ ಇಲ್ಲ, ಆ ಭಯ ಅದಕ್ಕೆ ಬೇಡ.

ಎಳೆಯಂತೆ ಕಾಣುವ ಬೇರೆಯವು

ಪರೀಕ್ಷೆಗೆ ದುಡ್ಡು ಹಾಕುವ ಮೊದಲು ಒಂದನ್ನು ನೋಡಿಬಿಡಿ. ಬಳಸದೆ ಉಳಿದ ತುಂಡುಗಳಿದ್ದರೆ ಹಿಂಬದಿ ತಿರುಗಿಸಿ. ಒಡೆಯದಿರಲೆಂದು ಸ್ಲ್ಯಾಬಿನ ಹಿಂದೆ ಬಿಳಿ ಜಾಲರಿ ಅಂಟಿಸಿ ಇಪಾಕ್ಸಿ ಬಳಿದಿರುತ್ತಾರೆ. ಅದು ಗಾಜಿನ ನಾರು. ಕತ್ತರಿಸಿದ ಅಂಚಿನಲ್ಲಿ, ಬಿರುಕಿನ ಸಂದಿಯಲ್ಲಿ ಅದರ ಎಳೆ ಇಣುಕಿದರೆ ಜನ ಕಲ್ನಾರೆಂದು ಹೆದರುತ್ತಾರೆ. ಕಸೂತಿ ಬಟ್ಟೆಯ ಹಾಗೆ ಚೌಕಚೌಕ ನೇಯ್ಗೆ ಕಂಡರೆ ಅದು ಜಾಲರಿ.

ಮಿಕ್ಕ ವೇಷಧಾರಿಗಳು ಮೂರು. ನಾರುನಾರಾದ ಕ್ಯಾಲ್ಸೈಟ್ ಆಸಿಡ್ ತಾಗಿದೊಡನೆ ನೊರೆಗುಟ್ಟಿ ಕರಗುತ್ತದೆ. ನಾರಿನಂಥ ಜಿಪ್ಸಮ್ ನೊರೆ ಬರಿಸುವುದಿಲ್ಲ, ಆದರೆ ಉಗುರಿನಿಂದ ಗೀರಬಹುದು. ವೊಲಾಸ್ಟೊನೈಟ್ ಸಹ ಬೆಂದ ಸುಣ್ಣದಕಲ್ಲಿನದೇ ಕೂಸು, ಬಿಳಿ ಸೂಜಿಗಳು. ರಾಜಸ್ಥಾನದ ಸಿರೋಹಿ ಜಿಲ್ಲೆಯಲ್ಲಿ ಅದರ ಗಣಿಯೇ ಇದೆ. ಆಸ್ಬೆಸ್ಟಾಸ್ ಆರರ ಪಟ್ಟಿಯಲ್ಲಿ ಅದಿಲ್ಲ. ಆಸಿಡ್ ನೋಡಲೇಬೇಕೆಂದರೆ ಉಳಿದ ತುಂಡಿನ ಮೇಲೆ, ಹೊರಗೆ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ನೋಡಿ. ಹಾರ್ಡ್‌ವೇರ್ ಅಂಗಡಿಯ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಪಾಲು, ನೀರು ಐದು ಪಾಲು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಕಲ್ಲಿನ ಮೈಗೆ ಒಂದು ಹನಿ ಬಿಟ್ಟಾಗ ಜೋರಾಗಿ ನೊರೆಯೆದ್ದರೆ ಕ್ಯಾಲ್ಸೈಟ್, ಸದ್ದಿಲ್ಲದೆ ಒಂದೊಂದೇ ಗುಳ್ಳೆ ಬಂದರೆ ಡೋಲೊಮೈಟ್. ಎಳೆಯ ಮೇಲೆ ಬಿಟ್ಟ ಹನಿ ಸುಮ್ಮನಿದ್ದು, ಎಳೆ ಹಾಗೇ ಉಳಿದರೆ ಪ್ರಯೋಗಾಲಯಕ್ಕೆ ಕಳಿಸಲು ಕಾರಣ ಸಿಕ್ಕಂತೆ.

ಮಾದರಿ ತೆಗೆಯುವಾಗ ಉಗುರು, ಚಾಕು, ಬ್ರಷ್ ಯಾವುದರಿಂದಲೂ ಒಣಗಿದ ಎಳೆಯನ್ನು ಕೆರೆಯಬೇಡಿ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಬೆರೆಸಿ, ಬಿರುಕಿನ ಮೇಲೆ ಸ್ಪ್ರೇ ಮಾಡಿ, ಐದು ನಿಮಿಷ ಬಿಡಿ. ಬರೀ ನೀರು ನಾರಿನ ಕಟ್ಟಿನೊಳಗೆ ಸರಿಯಾಗಿ ಇಳಿಯುವುದಿಲ್ಲ, ಅದಕ್ಕೇ ಸೋಪು. ಒದ್ದೆ ಇರುವಾಗಲೇ ಚಿಮಟದಿಂದ ಹುಣಸೆ ಬೀಜದಷ್ಟು ತುಂಡು ಬಿಡಿಸಿ ಜಿಪ್ ಚೀಲಕ್ಕೆ ಹಾಕಿ, ಅದನ್ನು ಇನ್ನೊಂದು ಚೀಲಕ್ಕೆ. ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೀಲದಲ್ಲಿ ಕಟ್ಟಿಬಿಡಿ, ಒಗೆಯಬೇಡಿ. ಬಿರುಕಿನ ಮೇಲೆ ಅಗಲದ ಟೇಪ್ ಅಂಟಿಸಿ. ಮೂರು ಸ್ಲ್ಯಾಬಿನಿಂದ ಮೂರು ಮಾದರಿ, ಹಸಿರು ಎಸಳಿದ್ದ ಉಳಿಕೆ ತುಂಡೊಂದು ನಾಲ್ಕನೆಯದು.

ಪ್ರಯೋಗಾಲಯದಲ್ಲಿ ಏನು ಕೇಳಬೇಕೆಂಬುದು ಮುಖ್ಯ, ಹೆಚ್ಚಿನವರು ಎಡವುವುದು ಇಲ್ಲಿ. ಎಕ್ಸ್-ರೇ ಡಿಫ್ರ್ಯಾಕ್ಷನ್ ಅಗ್ಗ, ಬೇಗ ಆಗುತ್ತದೆ, ಟ್ರೆಮೊಲೈಟ್ ಇದೆ ಎಂದು ಹೇಳುತ್ತದೆ. ಆದರೆ ಅದು ಎಸಳೋ ನಾರೋ ಹೇಳಲು ಅದಕ್ಕೆ ಬರುವುದಿಲ್ಲ. ಎರಡರ ಹರಳಿನ ಜೋಡಣೆ ಒಂದೇ ಎಂದೆನಲ್ಲ. ಆ ವರದಿ ಹಿಡಿದು 'ಆಸ್ಬೆಸ್ಟಾಸ್ ಪಾಸಿಟಿವ್' ಎಂದು ಇಡೀ ನೆಲ ಒಡೆಸಿದರೆ ಅನ್ಯಾಯ. ನೀವು ಕೇಳಬೇಕಾದದ್ದು ಪೋಲರೈಸ್ಡ್ ಲೈಟ್ ಮೈಕ್ರೊಸ್ಕೋಪಿ, ಅನುಮಾನ ಉಳಿದರೆ ಎಲೆಕ್ಟ್ರಾನ್ ಮೈಕ್ರೊಸ್ಕೋಪಿ. ಕಲ್ನಾರಿನ ಪರೀಕ್ಷೆಗೆಂದೇ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಕಡೆಗೇ ಕೊಡಿ, ವರದಿಯಲ್ಲಿ 'ನಾರಿನ ರೂಪದಲ್ಲಿದೆಯೇ ಇಲ್ಲವೇ' ಎಂದು ಬರೆದುಕೊಡಲು ಹೇಳಿ. ಉದ್ದ ಅಗಲದ ಮೂರು ಪಟ್ಟು ಇದ್ದರೆ ಸಾಕು ನಾರು ಎಂಬ ಎಣಿಕೆಯ ನಿಯಮವಿದೆ. ಅದು ಗಾಳಿಯ ಮಾದರಿ ಎಣಿಸಲು ಮಾಡಿಕೊಂಡದ್ದು. ಒಡೆದ ಎಸಳಿನ ಚಕ್ಕೆಯೂ ಅದರಲ್ಲಿ ಪಾಸಾಗುತ್ತದೆ. ನಿಜವಾದ ನಾರಿನಲ್ಲಿ 20 ಪಟ್ಟು ಮತ್ತು ಅದಕ್ಕೂ ಉದ್ದದ ಎಳೆಗಳು ಸಾಲುಸಾಲಾಗಿ ಸಿಗುತ್ತವೆ, ತುದಿ ಕುಂಚದ ಹಾಗೆ ಬಿಚ್ಚಿಕೊಂಡಿರುತ್ತದೆ.

ನೆಲಕ್ಕಿಂತ ಧೂಳು

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಕಲ್ನಾರಿನ ಆರೂ ಬಗೆಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆಂಬ ಮೊದಲ ಗುಂಪಿನಲ್ಲಿವೆ. ಇದರಲ್ಲಿ ಚೌಕಾಸಿ ಇಲ್ಲ. ಭಾರತದಲ್ಲೂ 1986ರಲ್ಲಿ ಕಲ್ನಾರು ಗಣಿಗಳಿಗೆ ಹೊಸ ಗುತ್ತಿಗೆ ಕೊಡುವುದು, 1993ರಲ್ಲಿ ಹಳೆಯದನ್ನು ನವೀಕರಿಸುವುದು ನಿಂತಿತು. ಆದರೆ ಕೇಡು ತಟ್ಟುವ ದಾರಿ ಉಸಿರು. ಕಲ್ಲನ್ನು ಮುಟ್ಟಿದರೆ, ಮೇಲೆ ಮಲಗಿದರೆ, ಮಗು ಅಂಬೆಗಾಲಿಟ್ಟರೆ ಗಟ್ಟಿ ಎಸಳಿನಿಂದ ಏನೂ ಹೊರಡುವುದಿಲ್ಲ.

ಧೂಳು ಎಂದಾಗ ಕಣ್ಣಿಗೆ ಕಾಣುವ ಬಿಳಿ ಮೋಡ ನೆನಪಾಗುತ್ತದೆ. ಇದು ಅದಲ್ಲ. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಹಾಕಿರುವ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ, ಒಂದು ಮಿಲಿಲೀಟರ್ ಗಾಳಿಗೆ 0.1 ನಾರು. ಅಂದರೆ ಒಂದು ಘನ ಮೀಟರಿಗೆ ಒಂದು ಲಕ್ಷ. ಅಷ್ಟಿದ್ದರೂ ಆ ಗಾಳಿ ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ನಾರಿನ ಪಟ್ಟೆ ಇರುವ ಕಲ್ಲಿನ ಮೇಲೆ ಒಣ ಗ್ರೈಂಡರ್ ಓಡಿಸಿದರೆ ಮುಚ್ಚಿದ ಕೋಣೆಯಲ್ಲಿ ಈ ಮಿತಿ ದಾಟಲು ಹೊತ್ತು ಬೇಕಿಲ್ಲ.

ಹಾಗಾಗಿ ಮನೆಯವರಿಗಿಂತ ದೊಡ್ಡ ಅಪಾಯ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಹುಡುಗರದ್ದು. ನಿಮ್ಮದು ಒಂದು ಮನೆ, ಅವರದು ದಿನಾ ಒಂದು ಮನೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಈ ಎಳೆ ನಿಲ್ಲುವುದಿಲ್ಲ. ಪಕ್ಕದ ಮಾತು, ಆದರೆ ಹೇಳಲೇಬೇಕು: ಅವರಿಗೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಒಣ ಧೂಳು, ಅದಕ್ಕಿಂತ ಹೆಚ್ಚಾಗಿ ಕೃತಕ ಕ್ವಾರ್ಟ್ಜ್ ಹಲಗೆಯ ಸಿಲಿಕಾ ಧೂಳು, ನಿಮ್ಮ ಮಾರ್ಬಲ್‌ಗಿಂತ ದಿನನಿತ್ಯದ ಕೇಡು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕೃತಕ ಕಲ್ಲನ್ನೇ ನಿಷೇಧಿಸಿದೆ.

ಕಟಿಂಗ್ ಆದ ದಿನ ಮಕ್ಕಳು ಮನೆಯಲ್ಲಿದ್ದರೆ? ಕಲ್ನಾರಿನ ಕಾಯಿಲೆಗಳು ಹೆಚ್ಚಾಗಿ ವರ್ಷಗಟ್ಟಲೆ ಉಸಿರಾಡಿದವರಲ್ಲಿ, ಅದೂ 20ರಿಂದ 40 ವರ್ಷದ ನಂತರ ಕಾಣಿಸಿಕೊಳ್ಳುತ್ತವೆ. ಒಂದೆರಡು ದಿನದ ಧೂಳಿನಿಂದ ಆಗುವ ಹೆಚ್ಚುವರಿ ಅಪಾಯ ತೀರಾ ಸಣ್ಣದು. ಸೊನ್ನೆ ಎನ್ನಲು ಬಾರದು, ನಿದ್ದೆ ಕೆಡಿಸಿಕೊಳ್ಳುವಷ್ಟೂ ಅಲ್ಲ. ಈಗ ಎಕ್ಸ್-ರೇ ತೆಗೆಸಿದರೆ ಏನೂ ಕಾಣುವುದಿಲ್ಲ, ಅದರ ಅಗತ್ಯವೂ ಇಲ್ಲ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಬಿಡಿಸಿ. ಕಲ್ನಾರು ಮತ್ತು ಹೊಗೆ ಒಟ್ಟು ಸೇರಿದಾಗ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎರಡರ ಮೊತ್ತವನ್ನೂ ಮೀರುತ್ತದೆ.

ವರದಿ ಬಂದ ಮೇಲೆ

ನಾಲ್ಕೂ ಮಾದರಿಯಲ್ಲಿ ನಾರಿಲ್ಲ, ಬರೀ ಎಸಳು ಎಂದು ಬಂದರೆ ಪಾಲಿಶ್ ಮಾಡಿಸಿ, ಆದರೆ ನೀರು ಹಾಕಿಯೇ. ದೊಡ್ಡ ಮಷೀನು ಹೇಗೂ ನೀರಿನ ಮೇಲೇ ಓಡುತ್ತದೆ. 60 ಅಥವಾ 80 ನಂಬರ್ ಕಲ್ಲಿನಿಂದ ಶುರುಮಾಡಿ, 120, 220, 400 ಹೀಗೆ ನುಣುಪಿಗೆ ಹೋಗುತ್ತಾರೆ. ಕೇಡು ಇರುವುದು ಗೋಡೆಯ ಅಂಚಿನಲ್ಲಿ. ದೊಡ್ಡ ಮಷೀನು ಸ್ಕರ್ಟಿಂಗ್ ಬುಡಕ್ಕೆ ಹೋಗುವುದಿಲ್ಲ, ಅಲ್ಲಿ ಕೈ ಗ್ರೈಂಡರ್ ಒಣಗೇ ಓಡಿಸುತ್ತಾರೆ. ಒಬ್ಬ ಪಕ್ಕದಲ್ಲಿ ನಿಂತು ನೀರು ಬಿಡಬೇಕು, ಮಷೀನನ್ನು ಶಾಕ್ ತಡೆಯುವ ಇಎಲ್‌ಸಿಬಿ ಇರುವ ಪ್ಲಗ್‌ಗೆ ಹಾಕಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ರೇಟು ಸ್ವಲ್ಪ ಹೆಚ್ಚು ಕೇಳುತ್ತಾರೆ, ಕೊಡಿ.

ಮೂರು ಸ್ಲ್ಯಾಬಿನಲ್ಲಿ ನಾರು ಖಚಿತವಾದರೆ ನಿಮ್ಮ ಮುಂದೆ ಮೂರು ದಾರಿ. ನಾನು ಮೊದಲು ನೋಡುವುದು ಆ ಮೂರನ್ನಷ್ಟೇ ತೆಗೆಯುವುದನ್ನು. ಪಾಲಿಶ್ ಆಗದ ನೆಲದಲ್ಲಿ ಬದಲಿ ಕಲ್ಲು ಕೂರಿಸುವುದು ಸುಲಭ, ಆಮೇಲೆ ಎಲ್ಲ ಒಟ್ಟಿಗೆ ಮಟ್ಟ ಮಾಡಬಹುದು. ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ, ಫ್ಯಾನು ನಿಲ್ಲಿಸಿ, ಮನೆಯವರು ಹೊರಗಿರಬೇಕು. ಬಿರುಕನ್ನು ಸೋಪು ನೀರಿನಿಂದ ತೋಯಿಸಿ, ಮೇಲೆ ಟೇಪ್. ಜಾಯಿಂಟಿನ ಗುಂಟ ನೀರು ಬಿಡುತ್ತ ಕೊಯ್ದು, ಹಾರೆಯಿಂದ ಮೆಲ್ಲಗೆ ಎಬ್ಬಿಸಿ, ಆದಷ್ಟು ಇಡಿಯಾಗಿ ತೆಗೆಯಬೇಕು. ಬ್ರೇಕರ್ ಮಷೀನು ಬೇಡ. ಅದು ನಾರಿನ ಪಟ್ಟೆಯನ್ನೇ ಪುಡಿ ಮಾಡುತ್ತದೆ. ಕೆಲಸ ಮಾಡುವವರಿಗೆ ಪಿ-100 ಅಥವಾ ಪಿ-3 ದರ್ಜೆಯ ಫಿಲ್ಟರಿನ ರಬ್ಬರ್ ಮುಖವಾಡ ಕೊಡಿಸಿ. ಎನ್-95 ಕಲ್ನಾರಿಗೆ ಸಾಲದು, ಗಡ್ಡವಿದ್ದರೆ ಯಾವ ಮುಖವಾಡವೂ ಮುಖಕ್ಕೆ ಕೂರುವುದಿಲ್ಲ. ಎಲ್ಲ ಮುಗಿದ ಮೇಲೆ ಒದ್ದೆ ಒರೆಸುವಿಕೆ, ಇಲ್ಲವೇ ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್. ಕಸಬರಿಗೆ, ಮಾಮೂಲಿ ವ್ಯಾಕ್ಯೂಮ್ ಎರಡೂ ಧೂಳನ್ನು ಕೋಣೆ ತುಂಬ ಹಂಚುತ್ತವೆ.

ಎರಡನೆಯದು ಅಲ್ಲೇ ಬಿಟ್ಟು ಮುಚ್ಚುವುದು: ಬಿರುಕಿಗೆ ತೆಳು ಇಪಾಕ್ಸಿ ಇಳಿಬಿಟ್ಟು, ಗಟ್ಟಿಯಾದ ಮೇಲೆ ನೀರು ಹಾಕಿ ಪಾಲಿಶ್. ಎಳೆ ಕೂದಲಗಲದ ಬಿರುಕಿನಲ್ಲಿದ್ದರೆ ಇದು ಸರಿ. ಬೆರಳಗಲದ ಮೆತ್ತನೆಯ ಪಟ್ಟೆಯಾದರೆ ಇಪಾಕ್ಸಿ ತಳದವರೆಗೆ ಇಳಿಯುವುದಿಲ್ಲ. ಪಾಲಿಶ್ ಮೇಲ್ಪದರ ತೆಗೆದಾಗ ಇಪಾಕ್ಸಿ ತಾಗದ ನಾರು ಮತ್ತೆ ತೆರೆದುಕೊಳ್ಳುತ್ತದೆ. ಮೂರನೆಯದು ಎಲ್ಲದರ ಮೇಲೆ ಟೈಲ್ಸ್ ಅಂಟಿಸುವುದು. ಧೂಳೇ ಏಳದ ಕೆಲಸ, ಆದರೆ ನೆಲ 12ರಿಂದ 15 ಮಿಲಿಮೀಟರ್ ಏರುತ್ತದೆ, ಎಲ್ಲ ಬಾಗಿಲು ಕೆಳಗೆ ಕೊಯ್ಯಬೇಕು, ಹಾಕಿದ ಮಾರ್ಬಲ್ ದುಡ್ಡು ಮಣ್ಣುಪಾಲು. ನಾರು ಎಲ್ಲೆಡೆ ಹರಡಿದ್ದರೆ ಮಾತ್ರ ಇದನ್ನು ಯೋಚಿಸಿ. ಮೇಸ್ತ್ರಿ ಹೇಳಿದ ಹಾಗೆ 900 ಚದರಡಿಯನ್ನೂ ಒಡೆಯುವುದು ಎಲ್ಲಕ್ಕಿಂತ ಹೆಚ್ಚು ಧೂಳೆಬ್ಬಿಸುವ ದಾರಿ. ಹೆದರಿಕೆ ಯಾವುದಕ್ಕಿತ್ತೋ ಅದನ್ನೇ ಕೈಯಾರೆ ಮಾಡಿದಂತೆ.

ಪಾಲಿಶ್ ರಾಡಿಯನ್ನು ಬಚ್ಚಲಿಗೂ ತೋಟಕ್ಕೂ ಬಿಡಬೇಡಿ. ಒಣಗಿದರೆ ಮತ್ತೆ ಪುಡಿ. ಒದ್ದೆ ಇರುವಾಗಲೇ ಬಾಚಿ, ದಪ್ಪ ಚೀಲದಲ್ಲಿ ಎರಡು ಸುತ್ತು ಕಟ್ಟಿ. ನಾರು ಖಚಿತವಾಗಿದ್ದರೆ ಚೀಲಗಳನ್ನೂ ತೆಗೆದ ಸ್ಲ್ಯಾಬುಗಳನ್ನೂ ಎಲ್ಲಿ ಒಪ್ಪಿಸಬೇಕೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಅವ್ವನ ಎರಡು ಡಬ್ಬಿಗೆ ವರದಿ ಕಾಯಬೇಕಿಲ್ಲ. ನಾರಿಲ್ಲದಿದ್ದರೂ ಅದು ಯಂತ್ರ ಕೊಯ್ದ ತೀರಾ ನುಣುಪು ಪುಡಿ, ದಿನಾ ಬೆಳಿಗ್ಗೆ ಮೂಗಿನ ಹತ್ತಿರ ಬೆರಳಿನಿಂದ ಉದುರಿಸುವಂಥದ್ದಲ್ಲ. ಮುಚ್ಚಳ ತೆಗೆಯದೆ ಡಬ್ಬಿಯನ್ನು ಬಕೆಟ್ ನೀರಿನೊಳಗೆ ಮುಳುಗಿಸಿ, ನೀರಿನೊಳಗೇ ಮುಚ್ಚಳ ಬಿಚ್ಚಿ, ಪುಡಿ ಕೆಸರಾದ ಮೇಲೆ ರಾಡಿಯ ಚೀಲಕ್ಕೇ ಸೇರಿಸಿ. ಅವ್ವನಿಗೆ ಪೇಟೆಯಿಂದ ಅಕ್ಕಿಹಿಟ್ಟು ತಂದುಕೊಡಿ.